ಇಗರ್ಜಿಯಾಚೆಯ ಮುನ್ನೂರು ಮೀಟರು

ನಜ್ಜರೇನೊ ಮೂವತ್ತೊಂದು ವರ್ಷ ಪ್ರಾಂತ್ಯದ ರಸ್ತೆ ನೋಡಿಕೊಂಡವನು. ಕಣಿವೆಯಿಂದ ಹಳೇ ಹಿಟ್ಟಿನ ಗಿರಣಿಯವರೆಗಿನ ಹನ್ನೊಂದು ಕಿಲೋಮೀಟರು ಅವನ ಪಾಲಿನದು. ಗುಂಡಿ ಮುಚ್ಚುವುದು, ಚರಂಡಿ ಬಗೆಯುವುದು, ಹಿಮ ಬಿದ್ದರೆ ಬೆಳಗಾಗುವ ಮುಂಚೆ ಉಪ್ಪು ಎರಚುವುದು ಎಲ್ಲ ಅವನೇ. ಗಿರಣಿಯಿಂದ ಇಗರ್ಜಿಯವರೆಗಿನ ಏರುದಾರಿ ಪುರಸಭೆಯದು. ಇಗರ್ಜಿ ದಾಟಿದ ಮೇಲಿನ ಮುನ್ನೂರು ಮೀಟರು ಮಣ್ಣುದಾರಿ ಮಾತ್ರ ಸರ್ಕಾರದ್ದಲ್ಲ, ಅದರ ಎರಡೂ ಬದಿಯ ಐದು ಮನೆಯವರದು. ಆ ದಾರಿಯ ತುದಿಯಲ್ಲೇ ನಜ್ಜರೇನೊನ ಮನೆ, ಅದರ ಪಕ್ಕಕ್ಕೆ ಊರಿನ ಸ್ಮಶಾನ.

ತಂಟೆಯೆಲ್ಲ ಅದರಿಂದಲೇ. ಸರ್ಕಾರದ ಜಲ್ಲಿ, ಸರ್ಕಾರದ ಡಾಂಬರು ಕೈಯಲ್ಲಿರುವವನು ತನ್ನ ಬಾಗಿಲಿಗೆ ನಾಲ್ಕು ಬುಟ್ಟಿ ಸುರಿದುಕೊಳ್ಳದೆ ಇರುತ್ತಾನೆಯೇ ಎಂದು ಊರಿಗೆ ಊರೇ ಕಣ್ಣಿಟ್ಟಿತ್ತು. ಇಗರ್ಜಿ ಎದುರು ಮನೆಯ ಕ್ವಿಂತೊ ಒಂದು ಸಂಜೆ ನಜ್ಜರೇನೊನ ಸರ್ಕಾರಿ ಟ್ರಕ್ಕಿನ ತಾಡಪಾಲು ಎತ್ತಿ ಇಣುಕಿದ. ಅದನ್ನು ನಜ್ಜರೇನೊ ಕಣ್ಣಾರೆ ಕಂಡ. ಮಾರನೆಯ ದಿನದಿಂದ ಟ್ರಕ್ಕನ್ನು ಗಿರಣಿಯ ಹತ್ತಿರವೇ ಬಿಟ್ಟು ನಡೆದು ಬರತೊಡಗಿದ. ತನ್ನ ದಾರಿಗೆ ಹಿಡಿ ಜಲ್ಲಿಯನ್ನೂ ಹಾಕಲಿಲ್ಲ. ಕಲ್ಲುಗಣಿಯಿಂದ ದುಡ್ಡು ಕೊಟ್ಟು ತಂದು ಹಾಕಿದರೂ ಕದ್ದದ್ದೆನ್ನುತ್ತಾರೆ ಎಂದು ಅದನ್ನೂ ಬಿಟ್ಟ.

ಆ ಹಟದ ಕೆಸರು ತುಳಿದವಳು ಹೆಂಡತಿ ಎರ್ಸೀಲಿಯ. ಕೆಳಗಿನ ಪಟ್ಟಣದ ಶೂ ಕಾರ್ಖಾನೆಗಳಿಗೆ ಮನೆಯಲ್ಲೇ ಕೂತು ಶೂಗಳ ಮೇಲ್ದೊಗಲು ಹೊಲಿದುಕೊಡುವುದು ಅವಳ ಕೆಲಸ. ಕಾರ್ಖಾನೆಯ ವ್ಯಾನಿನವನು ಕೆಸರಿಗೆ ಹೆದರಿ ಇಗರ್ಜಿಯಿಂದ ಮುಂದೆ ಬರುತ್ತಿರಲಿಲ್ಲ. ವಾರಕ್ಕೆರಡು ಸಲ ಅವಳು ರಬ್ಬರ್ ಬೂಟು ಹಾಕಿಕೊಂಡು, ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಇಳಿಯುತ್ತಿದ್ದಳು.

ಅಷ್ಟು ವರ್ಷ ಅನುಮಾನಕ್ಕೆ ಗುರಿಯಾದವನು ನಿವೃತ್ತಿಯ ಹೊತ್ತಿಗೆ ತಾನೇ ಅನುಮಾನದ ಮೂಟೆಯಾಗಿದ್ದ. ಯಾರಾದರೂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಏನು ಬಚ್ಚಿಡುತ್ತಿದ್ದಾರೆ ಎಂಬುದೇ ಅವನ ಯೋಚನೆ.

ಕಳೆದ ಸೆಪ್ಟೆಂಬರಿನಲ್ಲಿ ಕಣ್ಣಿನ ಪೊರೆ ತೆಗೆಸಲು ಅಂಕೋನಾ ನಗರದ ಮಗಳ ಮನೆಗೆ ಹೋದ. ಎರಡು ದಿನಕ್ಕೆಂದು ಹೋದವನನ್ನು ಮಗಳು ವಾರ ಇಟ್ಟುಕೊಂಡಳು. ತಿರುಗಿ ಬಂದು ಇಗರ್ಜಿಯ ಮುಂದೆ ಬಸ್ಸಿಳಿದರೆ, ಎದುರಿಗೆ ಕರ್ರಗೆ ಮಿರುಗುವ ಡಾಂಬರು! ಅದು ನೇರ ಹೋಗಿ ಅವನ ಗೇಟಿನಲ್ಲೇ ನಿಂತಿತ್ತು.

ಕ್ವಿಂತೊ ಬಾಗಿಲಲ್ಲೇ ಕಾಯುತ್ತಿದ್ದ. "ಭೇಷ್ ಕಣಯ್ಯಾ ನಜ್ಜರೇನೊ! ಕೆಲಸದಲ್ಲಿದ್ದಾಗ ಹಾಕಿಸ್ಕೊಂಡಿದ್ರೆ ಸಿಕ್ಕಿಬೀಳ್ತಿದ್ದೆ. ರಿಟೈರಾಗಿ, ಊರು ಬಿಟ್ಟು ಹೋಗಿ ಹಾಕಿಸ್ಕೊಂಡಿದ್ದೀಯ. ತಲೆ ಅಂದ್ರೆ ತಲೆ!"

"ನನಗೇನೂ ಗೊತ್ತಿಲ್ಲ."

"ಗೊತ್ತಿರಲ್ಲ ಬಿಡು. ಪಾಪ, ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲ."

ದಾರಿಬದಿಯ ಮನೆಯ ವಿಧವೆ ಪಾಲ್ಮೀರಳನ್ನು ಕೇಳಿದರೆ ಅವಳು ಬಟ್ಟೆ ಒಣಹಾಕುತ್ತ, "ಹಾಕಿದ್ರಪ್ಪ, ಚೆನ್ನಾಗಿದೆ ಅಲ್ವಾ?" ಎಂದು ಮುಖ ತಿರುಗಿಸಿದಳು. ಉಳಿದ ಮನೆಯವರೂ ಅಷ್ಟೇ. ಎರ್ಸೀಲಿಯ, "ಮೊದ್ಲು ಊಟ ಮಾಡು" ಎಂದಳು.

ಮಾರನೆಯ ಬೆಳಿಗ್ಗೆ ಉಳಿಯಿಂದ ಡಾಂಬರಿನ ಅಂಚನ್ನು ಕೆತ್ತಿ ನೋಡಿದ. ಎರಡು ಬೆರಳು ದಪ್ಪ, ಅಷ್ಟೇ. ಚರಂಡಿಯಂತೂ ಇಲ್ಲವೇ ಇಲ್ಲ. ಮಧ್ಯದ ಖಾಲಿ ಮನೆಯನ್ನು ಯಾರೋ ಪುರಸಭಾ ಸದಸ್ಯನ ಷಡ್ಡಕ ಕೊಂಡಿದ್ದಾನೆಂಬ ಸುದ್ದಿ ನೆನಪಾಯಿತು. ದುಡ್ಡು ನುಂಗಿದ್ದಾರೆ, ಕೆಟ್ಟ ಹೆಸರು ಮಾತ್ರ ತನ್ನ ತಲೆಗೆ ಎಂದು ನಿಶ್ಚಯಿಸಿಕೊಂಡು, ಕೆತ್ತಿದ ತುಂಡನ್ನು ಜೇಬಿಗಿಳಿಸಿ ಪುರಸಭೆಗೆ ಹೋದ.

ಅಲ್ಲಿನ ಎಂಜಿನಿಯರ್ ಹುಡುಗಿ ಲೊರೆದಾನ ತುಂಡನ್ನು ತಿರುಗಿಸಿ ನೋಡಿದಳು. "ಸರಿಯಾಗೇ ಇದೆಯಲ್ಲ, ಮಾವ."

"ಇದನ್ನ ರಸ್ತೆ ಅಂತಾರೇನಮ್ಮಾ? ನನ್ನ ರಸ್ತೆ ಒಂದು ಗೇಣು ದಪ್ಪ ಇತ್ತು."

"ನಿಮ್ಮದು ಪ್ರಾಂತ್ಯದ್ದು. ಲಾರಿ ಓಡ್ಬೇಕು, ಪೂರ್ತಿ ಖರ್ಚು ಪ್ರಾಂತ್ಯ ಹಾಕುತ್ತೆ. ಇಲ್ಲಿ ಓಡೋದು ನಾಲ್ಕು ಕಾರು, ಎರಡು ಟ್ರಾಕ್ಟರು. ಆ ಥರ ಹಾಕಿದ್ರೆ ಮೂರು ಪಟ್ಟು ಆಗ್ತಿತ್ತು, ಕೊಡೋರ್ಯಾರು?"

"ಅದನ್ನೇ ನಾನೂ ಕೇಳ್ತಿರೋದು. ಕೊಟ್ಟೋರ್ಯಾರು?"

"ದಾರಿ ನಿಮ್ಮಗಳದೇ. ಆದ್ರೆ ಸ್ಮಶಾನಕ್ಕೆ ಊರೋರೆಲ್ಲ ಅದ್ರಲ್ಲೇ ಹೋಗ್ತಾರಲ್ಲ, ಅದಕ್ಕೆ ಅರ್ಧ ನಾವು ಹಾಕಿದ್ವಿ. ಇನ್ನರ್ಧ ದಾರಿಯೋರು ಸಂಘ ಮಾಡ್ಕೊಂಡು ಹಾಕಿದ್ರು. ಚರಂಡಿಗೆ ಸಾಲ್ಲಿಲ್ಲ, ಆಮೇಲೆ ನೋಡೋಣ ಅಂದ್ರು." ಅವಳು ಕಡತ ತೆರೆದು ಅವನತ್ತ ತಿರುಗಿಸಿದಳು. ಐದು ಸಹಿ. ಷಡ್ಡಕನ ಸಹಿಯೂ ಇತ್ತು, ದುಡ್ಡೂ ಕಟ್ಟಿದ್ದ. ಎಲ್ಲಕ್ಕಿಂತ ಮೇಲೆ, ದುಂಡಗೆ, ಎರ್ಸೀಲಿಯಳದು. ಮನೆ ಅವಳ ಅಪ್ಪನ ಕಡೆಯಿಂದ ಬಂದದ್ದು, ಅವಳ ಸಹಿಯೇ ಸಾಕಿತ್ತು.

ಮನೆಗೆ ಬಂದಾಗ ಅವಳು ಹೊಲಿಗೆ ಯಂತ್ರದ ಮುಂದಿದ್ದಳು.

"ದುಡ್ಡು ಎಲ್ಲಿಂದ ಬಂತು?"

ಅವಳು ಯಂತ್ರ ನಿಲ್ಲಿಸಲಿಲ್ಲ. "ನಾನೂ ನಲವತ್ತು ವರ್ಷ ಇಲ್ಲಿ ಕೂತು ಹೊಲ್ದಿದ್ದೀನಿ, ಮರ್ತುಹೋಯ್ತಾ?"

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ. ಊರೋರ ಕಣ್ಣು ಎಲ್ಲಿದೆ ಅಂತ ನೋಡ್ಕೊಂಡೇ ಬದುಕ್ದೆ ಮಾರಾಯ. ನನ್ನ ಕಾಲು ಎಲ್ಲಿ ಹೂತ್ಕೊಂಡಿದೆ ಅಂತ ಒಂದು ದಿನ ನೋಡ್ಲಿಲ್ಲ."

ಅವನಿಗೆ ಇನ್ನೊಂದು ಹೊಳೆಯಿತು. "ಹಂಗಾದ್ರೆ ಆ ಕಣ್ಣಿನ ಆಪರೇಷನ್ನು..."

"ಪೊರೆ ಬಂದಿದ್ದು ನಿಜ. ವಾರ ಇಟ್ಕೋ ಅಂತ ಮಗಳಿಗೆ ಹೇಳಿದ್ದು ನಾನು."

ಮೂರು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಆದರೆ ಆ ಗುರುವಾರ ವ್ಯಾನು ಮನೆ ಬಾಗಿಲಿಗೇ ಬಂತು. ಎರ್ಸೀಲಿಯ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಹೋಗಿ ಕಟ್ಟು ಕೊಟ್ಟು ಬಂದದ್ದನ್ನು ಅವನು ಕಿಟಕಿಯಿಂದ ನೋಡಿದ. ಅಷ್ಟು ಸಲೀಸಾದ ಕೆಲಸವೇ ಅದು ಎಂದು ಅವನಿಗೆ ಒಳಗೊಳಗೇ ನಾಚಿಕೆಯಾಯಿತು.

ನವೆಂಬರಿನ ಮಳೆಗೆ, ಅವನೆಣಿಸಿದಂತೆಯೇ, ಡಾಂಬರಿನ ಅಂಚು ಎರಡು ಕಡೆ ಕುಸಿಯಿತು. ಸಂಘದವರು ಪಾದ್ರಿಯ ಕೋಣೆಯಲ್ಲಿ ಸೇರಿದರು. ಚರಂಡಿ ತೋಡಲೇಬೇಕು, ಅದಕ್ಕೊಬ್ಬ ಅಧ್ಯಕ್ಷ ಬೇಕು. ಯಾರನ್ನು ಹೆಸರಿಸಿದರೂ ಇನ್ನೊಬ್ಬರ ಹುಬ್ಬು ಗಂಟಾಗುತ್ತಿತ್ತು.

ಕಡೆಗೆ ಪಾಲ್ಮೀರ, "ನಜ್ಜರೇನೊನೇ ಆಗ್ಲಿ" ಎಂದಳು. "ಹೆಂಗೂ ಎಲ್ರ ಕಣ್ಣೂ ಅವನ ಮೇಲೇ ಇರುತ್ತೆ. ಬೇರೆ ಕಾವಲು ಬೇಕಾಗಲ್ಲ."

ಎಲ್ಲರೂ ನಕ್ಕರು. ನಜ್ಜರೇನೊ ನಗಲಿಲ್ಲ, ಆದರೆ ಒಪ್ಪಿಕೊಂಡ.

ಚರಂಡಿ ತೋಡಿಸಿದ, ನೀರು ಹಾಯಲು ಅಲ್ಲಲ್ಲಿ ನಾಲ್ಕು ಸಿಮೆಂಟು ಕೊಳವೆ ಇಡಿಸಿದ, ಪ್ರತಿ ರಸೀತಿಯನ್ನೂ ಇಗರ್ಜಿಯ ಬಾಗಿಲಿಗೆ ಅಂಟಿಸಿದ. ಕ್ವಿಂತೊ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿದ. ಒಂದು ಮಧ್ಯಾಹ್ನ ಚರಂಡಿಗುಂಟ ನಡೆದು ಎಣಿಸಿಕೊಂಡು ಬಂದ.

"ರಸೀತೀಲಿ ನಾಲ್ಕು ಕೊಳವೆ. ನನಗೆ ಸಿಕ್ಕಿದ್ದು ಮೂರೇ."

"ಒಂದು ಪಾಲ್ಮೀರನ ಗೇಟಿನ ಅಡೀಲಿದೆ. ಮಣ್ಣು ಮುಚ್ಚಿದೆ."

"ಇರ್ಬೋದು. ನಾನೇನು ಇಲ್ಲ ಅಂದ್ನಾ?"

ನಜ್ಜರೇನೊ ಸಲಿಕೆ ತಂದು ಅಗೆದ. ಅರ್ಧ ಗಂಟೆಯ ಮೇಲೆ ನಾಲ್ಕನೆಯ ಕೊಳವೆಯ ಬೆನ್ನು ಕಂಡಿತು. ಕ್ವಿಂತೊ ಬಗ್ಗಿ, ಬೆರಳಿನಿಂದ ತಟ್ಟಿ ನೋಡಿದ.

"ಹ್ಞೂ, ಇದೆ" ಎಂದ. ಎದ್ದು ನಿಂತು ಮಂಡಿಯ ಮಣ್ಣು ಕೊಡವಿಕೊಂಡು, "ಹೊಸದೇ ತಾನೇ?" ಎಂದು ಕೇಳಿದ.

ನಜ್ಜರೇನೊ ಸಲಿಕೆಯನ್ನು ಅವನ ಕೈಗೆ ಕೊಟ್ಟು, "ಮುಚ್ಚು" ಎಂದು ಹೇಳಿ ಊಟಕ್ಕೆ ಹೋದ.