ಪಂಚನಾಮೆಯ ಆರನೇ ಸಾಲು

ನಾನು ನಿಂತಿದ್ದದ್ದು ನಾಂಪಲ್ಲಿ ಸ್ಟೇಷನ್ನಿನ ಎದುರು ಗಲ್ಲಿಯ ಒಂದು ಅಂಗಡಿಯೊಳಗೆ, ಬಾಗಿಲಿನಿಂದ ಎರಡು ಹೆಜ್ಜೆ ಒಳಕ್ಕೆ, ಎಡಗೋಡೆಗೆ ಒತ್ತಿಕೊಂಡು. ತೆಲಂಗಾಣ ರಾಜ್ಯವಾದ ಮರುವರ್ಷದ ಜನವರಿ, ಮಂಗಳವಾರ, ಬೆಳಿಗ್ಗೆ ಹನ್ನೊಂದು ಮುಕ್ಕಾಲು. ಗಡಿಯಾರ ಕಂಪ್ಯೂಟರಿನ ಮೇಲೆ ತೂಗುತ್ತಿತ್ತು, ನಾನು ನೋಡಿಕೊಂಡಿದ್ದೇನೆ.

ಅದು ಮೊಬೈಲಿನ ಮೆಮೊರಿ ಕಾರ್ಡಿಗೆ ಸಿನಿಮಾ ಹಾಡು ತುಂಬಿಕೊಡುವ ಅಂಗಡಿ. ಒಂದು ಸಂಗೀತ ಕಂಪನಿ ದೂರು ಕೊಟ್ಟಿತ್ತು. ಪೊಲೀಸರು ಮಾಲು ಜಪ್ತಿ ಮಾಡುವಾಗ ಪಂಚನಾಮೆಗೆ ಸಹಿ ಹಾಕಲು ಹೊರಗಿನವರು ಇಬ್ಬರು ಬೇಕು. ಸರ್ಕಾರಿ ನೌಕರರಾದರೆ ಕೋರ್ಟಿನಲ್ಲಿ ಮಾತಿಗೆ ತೂಕ ಎಂದು ಪಕ್ಕದ ನಮ್ಮ ಕಚೇರಿಗೆ ಹೇಳಿಕಳಿಸಿದ್ದರು. ಗುಮಾಸ್ತನಾಗಿದ್ದ ನಾನು ಮತ್ತು ನಮ್ಮ ಅಟೆಂಡರ್ ಹೋದೆವು. ಆತ ದಾರಿಯುದ್ದಕ್ಕೂ ನಗಿಸಿದ. "ಚಲೋ ಸಾಬ್, ದಸ್ತಖತ್ ಕರೇಂಗೆ, ಚಾಯ್ ಪೀಯೇಂಗೆ, ಆಜಾಯೇಂಗೆ," ಸಹಿ ಹಾಕಿ ಚಹಾ ಕುಡಿದು ಬಂದುಬಿಡೋಣ ಎಂದ.

ಅಂಗಡಿಯಾತ ತಪ್ಪು ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಯಾರ ಅನುಮತಿಯೂ ಇಲ್ಲದೆ ಹಾಡು ತುಂಬಿಕೊಡುತ್ತಿದ್ದ. ಕಂಪ್ಯೂಟರು, ಒಂದು ಡಬ್ಬಿ ಕಾರ್ಡುಗಳು, ದೊಡ್ಡ ಹಾರ್ಡ್ ಡಿಸ್ಕು, ಎಲ್ಲವನ್ನೂ ತಾನೇ ಎತ್ತಿ ಮೇಜಿನ ಮೇಲಿಟ್ಟ. ಎಸ್‌ಐ ಡ್ರಾಯರ್ ಎಳೆದಾಗ ಇನ್ನೊಂದು ಸಣ್ಣ ಡಿಸ್ಕು ಸಿಕ್ಕಿತು. ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ ಕನ್ನಡದಲ್ಲಿ "ಅಪ್ಪ" ಎಂದು ಬರೆದಿತ್ತು. ಆತ ಅದರ ಮೇಲೆ ಕೈ ಇಟ್ಟ.

"ಸಾಬ್, ಯೇ ನಕ್ಕೋ," ಇದು ಬೇಡ ಎಂದವನು, ನನ್ನ ಕಣ್ಣು ಆ ಬರಹದ ಮೇಲೆ ನಿಂತಿದ್ದನ್ನು ಕಂಡು ಕನ್ನಡಕ್ಕೆ ತಿರುಗಿದ. "ಓದಿದ್ರೇನ್ರಿ? ನೀವು ನಮ್ಮ ಕಡಿಯವ್ರಾ? ಇದ್ರಾಗ ನಮ್ಮಪ್ಪನ ದನಿ ಐತ್ರಿ. ಬೀದರ್ ಕಡೆ ಹಳ್ಳಿಹಳ್ಳಿ ತಿರುಗಿ ತತ್ವಪದ ಹಾಡತಿದ್ದ. ಕ್ಯಾಸೆಟ್ಟಿಗೆ ಬೂಸರ ಬಂತಂತ ಇದಕ ಇಳಿಸಿ ಅವನ್ನೆಲ್ಲಾ ಒಗದೀನಿ. ಬ್ಯಾರೆ ಎಲ್ಲೂ ಇಲ್ರಿ."

ಆತನ ಹೆಂಡತಿ ಊಟದ ಡಬ್ಬಿ ಹಿಡಿದು ಶಟರಿನ ಬಳಿ ನಿಂತಿದ್ದರು. "ಅಣ್ಣಾರ, ಅವ್ರಿಗೆ ನಮ್ಮ ಮಾತು ತಿಳಿಯಂಗಿಲ್ಲ. ನೀವರ ಹೇಳ್ರಿ," ಎಂದರು.

ಎಸ್‌ಐ ಡಿಸ್ಕು ಜೋಡಿಸಿ ಹಾಡು ಹಚ್ಚಿದರು. ಮೊದಲು ಏಕತಾರಿ. ಆಮೇಲೆ ಮುದುಕನ ಕಂಠ, ನಡುವೆ ಒಂದು ಕೆಮ್ಮು, ಯಾರೋ ನೀರು ಕೊಟ್ಟ ಸದ್ದು, ಮತ್ತೆ ಹಾಡು. ಒಂದು ನಿಮಿಷಕ್ಕಿಂತ ಹೆಚ್ಚಿರಲಿಲ್ಲ.

"ಕೌನ್ ರೋರಾ ಜೀ ಯೇ?" ಯಾರು ಅಳುತ್ತಿರುವುದು ಇದು ಎಂದು ಅಟೆಂಡರ್ ನನ್ನ ಕಿವಿಯಲ್ಲಿ ಅಂದ. ನಾನು ನಗಲಿಲ್ಲ.

ಇದು ಈತನ ತಂದೆಯ ಹಾಡು, ಸಿನಿಮಾದ್ದಲ್ಲ ಎಂದು ನಾನು ಎಸ್‌ಐಗೆ ತೆಲುಗಿನಲ್ಲಿ ಹೇಳಿದೆ. ಒಂದೇ ಸಲ ಹೇಳಿದೆ, ಮೆಲ್ಲಗೆ. ಅವರು ಒರಟಾಗಿ ಮಾತಾಡಲಿಲ್ಲ. "ಕೋರ್ಟ್ಲೋ ಚೆಪ್ಪಂಡಿ ಸರ್," ಕೋರ್ಟಿನಲ್ಲಿ ಹೇಳಿ ಎಂದರು. ಪಂಚನಾಮೆ ತೆಲುಗಿನಲ್ಲಿತ್ತು, ನನಗೆ ಓದಲು ಬರುತ್ತದೆ. ಆರನೇ ಸಾಲು ಹೀಗಿತ್ತು: ಎರಡೂ ಡಿಸ್ಕುಗಳನ್ನು ಪಂಚರ ಎದುರು ತೆರೆದು ನೋಡಲಾಗಿ ಅನುಮತಿಯಿಲ್ಲದೆ ನಕಲು ಮಾಡಿದ ಸಿನಿಮಾ ಹಾಡುಗಳು ಕಂಡುಬಂದವು. ಅದನ್ನು ನಾನು ಎರಡು ಸಲ ಓದಿದೆ. ಓದಿ ಸಹಿ ಹಾಕಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ.

ಸಮನ್ಸ್ ಬಂದದ್ದು ಮೂರು ವರ್ಷ ಕಳೆದ ಮೇಲೆ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದೆ. ಕೋರ್ಟಿನ ವರಾಂಡದಲ್ಲಿ ಅಂಗಡಿಯಾತ ಸಿಕ್ಕ. ಸೊರಗಿದ್ದ.

"ತಪ್ಪು ಒಪ್ಕೋತೀನ್ರಿ ಸಾಹೇಬ್ರ. ಒಪ್ಕೊಂಡ್ರ ಇವತ್ತ ಮುಗೀತೈತಿ, ಸಾಮಾನ ವಾಪಸ್ ಕೊಡ್ತಾರ ಅಂದಾರ. ಅಪ್ಪಂದು ಕೊಡ್ತಾರಲ್ರಿ?"

"ಕೊಡಬಹುದು," ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬೇಕಿತ್ತು.

ಆತ ಒಪ್ಪಿಕೊಂಡ. ಒಪ್ಪಿಕೊಂಡದ್ದರಿಂದ ಸಾಕ್ಷಿ ಬೇಕಾಗಲಿಲ್ಲ. ಹೋಗಿ ಎಂದರು. ಚೀಟಿ ಜೇಬಿನಲ್ಲೇ ಉಳಿಯಿತು.

ನಕಲು ಮಾಲನ್ನೆಲ್ಲ ನಾಶಪಡಿಸಬೇಕು ಎಂದು ಆದೇಶವಾಗಿತ್ತು. ಆತನೂ ನಾನೂ ಅರ್ಜಿ ಬರೆದುಕೊಂಡು ಮತ್ತೆ ಹೋದೆವು: ಸಣ್ಣ ಡಿಸ್ಕು ನಕಲಲ್ಲ, ಹಾಡಿದವರ ಮಗನೇ ಈತ. ಅಲ್ಲಿನ ಗುಮಾಸ್ತರು ತಾಳ್ಮೆಯಿಂದ ಕೇಳಿಸಿಕೊಂಡರು. ಕಡತ ತೆಗೆದು ಆರನೇ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಬೆರಳನ್ನು ಕೆಳಗಿಳಿಸಿ, "ಇದು ನಿಮ್ಮ ಸಹಿಯೇ ತಾನೇ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಮಾಲು ಹಿಂದಿನ ವಾರವೇ ನಾಶಕ್ಕೆ ಹೋಗಿದೆ ಎಂದರು.

ಅಂಗಡಿಯಾತ ನನ್ನನ್ನು ಬೈಯಲಿಲ್ಲ. ಮೆಟ್ಟಿಲು ಇಳಿಯುವಾಗ, "ನಡುವ ಕೆಮ್ಮತಿದ್ದನಲ್ರಿ, ಅದು ನೆನಪೈತೇನ್ರಿ ನಿಮಗ?" ಎಂದು ಕೇಳಿದ. ಐತಿ ಎಂದೆ. ಹಾಡಿನ ಪದಗಳು ನನಗೆ ಒಂದೂ ನೆನಪಿರಲಿಲ್ಲ. ಅದನ್ನು ಹೇಳಲಿಲ್ಲ.

ಕೊರೊನಾದ ಎರಡನೇ ವರ್ಷ ಆತ ತೀರಿಕೊಂಡ. ಅಟೆಂಡರ್ ಅದಕ್ಕೂ ಮೊದಲೇ ಹೋಗಿದ್ದ. ಎಸ್‌ಐ ನಿವೃತ್ತರಾಗಿ ಮಣಿಕೊಂಡದಲ್ಲಿದ್ದಾರೆಂದು ಕೇಳಿದ್ದೇನೆ. ಅವರಿಗೆ ಕನ್ನಡ ಬರುವುದಿಲ್ಲ. ಆ ಬೆಳಿಗ್ಗೆ ಆ ದನಿಯನ್ನು ಕೇಳಿ, ಅದು ಏನೆಂದು ತಿಳಿದಿದ್ದವರಲ್ಲಿ ಈಗ ಬದುಕಿರುವವರು ಇಬ್ಬರು: ಉಪ್ಪಲ್‌ನಲ್ಲಿ ಮಗಳ ಮನೆಯಲ್ಲಿರುವ ಆತನ ಹೆಂಡತಿ, ಮತ್ತು ನಾನು.