ಗಾಡಿಯ ಮೇಲಿಟ್ಟ ಎಡೆ

ಆ ದಿನ ಸಾದಲಿ ಕಡೆಯ ರೈತರೊಬ್ಬರು ಚಂದ್ರಿಕೆಗಳನ್ನು ವಾಪಸು ತಂದುಕೊಟ್ಟರು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗಳವು. ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ಅವನ್ನು ಬಾಡಿಗೆಗೆ ಕೊಡುವುದೇ ನಮ್ಮ ವ್ಯಾಪಾರ. ನನ್ನ ಗಂಡ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಅಂಗಡಿಯ ಗೋಡೆಗೆ ಒರಗಿಸಿದರು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಉಂಡರು. ಸಂಜೆ ತಾರಸಿ ಹತ್ತಿ ಬಿರುಕಿಗೆ ಗಾರೆ ಮೆತ್ತಿ, "ನಾಳೆ ಇನ್ನೊಂದು ಸಲ ಹಾಕ್ತೀನಿ, ಯಾರೂ ತುಳೀಬೇಡಿ" ಎಂದು ನನಗೂ ಅತ್ತೆಗೂ ಹೇಳಿದರು. ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅವರು ಏಳಲಿಲ್ಲ.

ಅದು ಕಲ್ಲು, ಸುಣ್ಣದ ಗಾರೆಯ ಹಳೆಯ ಕಟ್ಟಡ. ಯಾರು ಕಟ್ಟಿಸಿದ್ದೆಂದು ಅತ್ತೆಗೂ ತಿಳಿಯದು. ಕೆಳಗೆ ಹಲಗೆ ಬಾಗಿಲಿನ ಅಂಗಡಿ, ಮೇಲೆ ಎರಡು ಕೋಣೆ, ಅದರ ಮೇಲೆ ಸೊಂಟದೆತ್ತರದ ಗೋಡೆಯ ತಾರಸಿ. ಮಾವನವರ ಕಾಲದಿಂದ ಬಾಡಿಗೆಗಿದ್ದೆವು.

ತಿಥಿಯ ದಿನ ಎಡೆಯನ್ನು ಆ ತಾರಸಿಯ ಗೋಡೆಯ ಮೇಲೆ ಇಟ್ಟೆವು. ನಮ್ಮಲ್ಲಿ ಕಾಗೆ ಮುಟ್ಟಿದ ಮೇಲೇ ಮನೆಯವರು ಉಣ್ಣಬೇಕು. ಕಾಗೆ ಬರದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆ ಆಸೆಯನ್ನು ಊಹಿಸಿ, ನಡೆಸಿಕೊಡುತ್ತೇವೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅವತ್ತು ಕಾಗೆಗಳು ಪಕ್ಕದ ಹೆಂಚಿನ ಮೇಲೆ ಕುಳಿತು ನೋಡುತ್ತಿದ್ದವೇ ಹೊರತು ಬರಲಿಲ್ಲ. ಅತ್ತೆ ಮುಂದೆ ಹೋಗಿ ನಿಂತರು.

"ಈ ಮನೆ ಬಿಡಲ್ಲಪ್ಪ. ಅಂಗಡಿನೂ ನಡೆಸ್ಕೊಂಡು ಹೋಗ್ತೀವಿ. ಬಾರಪ್ಪ, ಉಣ್ಣು."

ಒಂದು ಕಾಗೆ ಹಾರಿಬಂದು ವಡೆ ಕಚ್ಚಿಕೊಂಡು ಹೋಯಿತು. "ಕೇಳಿಸ್ಕೊಂಡ" ಎಂದರು ಅತ್ತೆ. ಬಂದವರು ಕಣ್ಣೊರೆಸಿಕೊಂಡರು. ನನಗೆ ನೆನಪಿರುವುದು ವಡೆಯ ಒಂದು ಮಗ್ಗುಲು ಸೀದಿದ್ದುದು ಮಾತ್ರ.

ಚಿಕ್ಕಬಳ್ಳಾಪುರ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಪೇಟೆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಜಾಗದ್ದೇ ಮಾತು. ಕಟ್ಟಡದ ಮಾಲೀಕರಾದ ಅಣ್ಣತಮ್ಮಂದಿರು ಬಂದು, ನನ್ನ ಗಂಡನ ಫೋಟೋಗೆ ಕೈಮುಗಿದು, ಮಾರಿಬಿಟ್ಟಿದ್ದೇವೆಂದು ಹೇಳಿದರು. ಕೆಟ್ಟ ಮಾತೇನೂ ಆಡಲಿಲ್ಲ. ಚಂದ್ರಿಕೆಗಳನ್ನು ಬೇರೆ ವ್ಯಾಪಾರಿಗೆ ಕೊಟ್ಟು, ಊರಾಚೆಯ ಲೇಔಟಿನಲ್ಲಿ ಶೀಟಿನ ಮನೆಯೊಂದಕ್ಕೆ ನಾವಿಬ್ಬರೂ ಹೋದೆವು.

ಜೆಸಿಬಿ ಬಂದ ದಿನ ನಾನು ತರಕಾರಿಗೆ ಹೋಗಿದ್ದೆ. ಅರ್ಧ ಗೋಡೆ ಬಿದ್ದಿತ್ತು. ಸ್ವಲ್ಪ ಹೊತ್ತು ನಿಂತು ನೋಡಿ, ಸೊಪ್ಪು ಬಾಡುತ್ತದೆಂದು ಮನೆಗೆ ಬಂದೆ. ಅಲ್ಲಿ ಕಾಂಪ್ಲೆಕ್ಸ್ ಬರುತ್ತದೆ ಎನ್ನುತ್ತಿದ್ದರು. ಕೊಂಡವರೊಳಗೆ ಜಗಳವಾಗಿ ಕೆಲಸ ನಿಂತಿತು. ಮಣ್ಣು ಮಟ್ಟ ಮಾಡಿ, ಮುಂದೆ ಹಗ್ಗ ಕಟ್ಟಿ, ಗಾಡಿ ನಿಲ್ಲಿಸಲು ಬಿಟ್ಟರು. ಎದುರಿನ ಹಳೆಯ ಛತ್ರ, ಮೂಲೆಯ ಮಹಡಿ ಮನೆ ಕೂಡ ಹಾಗೆಯೇ ಹೋದವು. ಅಲ್ಲೂ ಗಾಡಿಗಳು. ಗೂಡಿನ ಮಾರ್ಕೆಟ್ಟಿಗೆ ಬರುವವರಿಗೆ ಅನುಕೂಲವಾಯಿತು ಎಂದು ಜನ ಹೇಳಿದರು. ಅನುಕೂಲವಾಗಿದ್ದೂ ನಿಜ. ಪಕ್ಕದ ಕಟ್ಟಡದ ಗೋಡೆಗೆ ಅಂಟಿಕೊಂಡು ನಮ್ಮ ಅಡುಗೆಮನೆಯ ನೀಲಿ ಸುಣ್ಣ ಉಳಿದಿತ್ತು. ಒಲೆ ಇದ್ದ ಕಡೆ ಮಸಿ ಹಾಗೇ ಇತ್ತು, ಆಳೆತ್ತರಕ್ಕಿಂತ ಮೇಲೆ.

ವರ್ಷದ ತಿಥಿ ಬಂತು. ಅಡುಗೆ ಮಾಡಿ ಎಲೆಗೆ ಬಡಿಸಿದೆ. ಅತ್ತೆ ಎಲೆಯನ್ನು ಮೊರದಲ್ಲಿಟ್ಟು ಚಪ್ಪಲಿ ಮೆಟ್ಟಿದರು.

"ಎಲ್ಲಿಗತ್ತೆ?"

"ಈ ಶೀಟಿನ ಮನೆ ಅವ್ನು ನೋಡವ್ನೇನಮ್ಮ? ಯಾರನ್ನ ದಾರಿ ಕೇಳ್ಕೊಂಡು ಬರ್ತಾನೆ? ಪ್ಯಾಟೆಗೇ ಹೋಗಣ ನಡಿ."

ಪೇಟೆಯ ಆ ಜಾಗದಲ್ಲಿ ಎಡೆ ಇಡಲು ಒಂದು ಮೋಟುಗೋಡೆಯೂ ಇರಲಿಲ್ಲ. ನೆಲದ ಮೇಲಿಟ್ಟರೆ ನಾಯಿ ಮುಟ್ಟುತ್ತದೆ. ಅತ್ತೆ ಸುತ್ತಲೂ ನೋಡಿ, ನಿಂತಿದ್ದ ಟೆಂಪೋ ಒಂದರ ತಲೆ ತೋರಿಸಿದರು. ನಾನು ಹಿಂದಿನಿಂದ ಹತ್ತಿ ಕ್ಯಾಬಿನ್ ಮೇಲೆ ಎಲೆ ಇಟ್ಟೆ. ಚೀಟಿ ಹರಿದು ಕೊಡುವವನು ಕುರ್ಚಿಯಿಂದಲೇ ಕೂಗಿದ. "ಅಮ್ಮೋ, ಇಲ್ಲಿ ಗಾಡಿ ನಿಲ್ಸೋಕೆ ಚೀಟಿ ಕೊಡೋದು, ಕಾಗೆ ನಿಲ್ಸೋಕಲ್ಲ."

ಅಷ್ಟರಲ್ಲಿ ಟೀ ಕುಡಿದು ಬಂದ ಡ್ರೈವರ್ ಎಲೆ ನೋಡಿದ. "ಏನಮ್ಮ ಇದು, ಪೂಜೆನಾ?"

"ಪೂಜೆ ಅಲ್ಲಪ್ಪ, ಎಡೆ" ಎಂದರು ಅತ್ತೆ.

"ಎಡೆನಾ? ಹೊಸಾ ಗಾಡಿ ಕಣಮ್ಮ."

"ಹಳೇದಾಗಿದ್ರೆ ಬಿಡ್ತಿದ್ಯಾ? ಸ್ವಲ್ಪ ಹೊತ್ತು ಸುಮ್ನಿರಪ್ಪ. ನನ್ನ ಮಗನ್ದು. ಇಲ್ಲೇ ಇದ್ದ ಅವ್ನು."

"ಇಲ್ಲಿ ಎಲ್ಲಮ್ಮ?"

ಅತ್ತೆ ಗಾಡಿಗಿಂತ ಮೇಲೆ, ಏನೂ ಇಲ್ಲದ ಕಡೆಗೆ ಬೆರಳು ತೋರಿಸಿದರು. ಅವನು ಆ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, "ಆಯ್ತು ಕರೀರಿ. ಚಿಂತಾಮಣಿಗೆ ಹೋಗ್ಬೇಕು, ಬೇಗ" ಎಂದ.

"ರಾ ನಾಯನಾ, ರಾ" ಎಂದು ಅತ್ತೆ ತಾಯಿಮನೆಯ ತೆಲುಗಿನಲ್ಲಿ ಕರೆದರು. ಕಾಗೆಗಳು ಕರೆಂಟು ತಂತಿಯ ಮೇಲಿದ್ದವು. ಒಂದು ಕೊಕ್ಕು ಉಜ್ಜಿಕೊಂಡಿತು. ಯಾವುದೂ ಇಳಿಯಲಿಲ್ಲ.

"ಮಾತು ಕೊಡ್ಬೇಕು" ಎಂದು ಅತ್ತೆ ಕೈಮುಗಿದರು. ಬಾಯಿ ತೆರೆದರು. ಕಾಲಡಿಯ ಮಣ್ಣನ್ನು, ಗಾಡಿಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಂದು ಸುಳ್ಳಾಗೋಯ್ತಮ್ಮ. ನೀನು ಹೇಳು" ಎಂದರು.

ನಾನು ಕೈಮುಗಿದೆ. ನನ್ನ ಗಂಡನಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು, ತಾರಸಿಯ ಬಿರುಕಿಗೆ ಇನ್ನೊಂದು ಸಲ ಗಾರೆ. ಅದನ್ನು ಕೊಡುತ್ತೇನೆಂದು ಆ ಜಾಗದಲ್ಲಿ ನಿಂತು ಹೇಗೆ ಹೇಳುವುದು? "ಊಟ ಮಾಡಿ" ಎಂದೆ. ಅಷ್ಟೇ ಬಂತು.

ಪಾಯಸದ ಮೇಲೆ ನೊಣ ಕೂತಿತು. ಡ್ರೈವರ್ ಇನ್ನೂ ಸ್ವಲ್ಪ ಹೊತ್ತು ಕಾದ. ಕೊನೆಗೆ ತಾನೇ ಹತ್ತಿ, ಪಾಯಸ ಚೆಲ್ಲದಂತೆ ಎರಡೂ ಕೈಯಲ್ಲಿ ಎಲೆ ಇಳಿಸಿ ಅತ್ತೆಯ ಮೊರದಲ್ಲಿಟ್ಟ. "ತಪ್ಪು ತಿಳ್ಕೋಬೇಡಿ" ಎಂದು ಗಾಡಿ ತೆಗೆದ.

ಎಡೆಯನ್ನು ಹಸುವಿಗೆ ಹಾಕಿ, ಸಂಜೆ ಮನೆಯಲ್ಲಿ ಇಬ್ಬರೂ ಉಂಡೆವು. ಹಸು ತಿಂದರೂ ಆಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅತ್ತೆ ಅದನ್ನು ಒಪ್ಪಲಿಲ್ಲ. ಅದಾದ ಮೇಲೆ ಬಂದ ತಿಥಿಗಳಲ್ಲಿ ಶೀಟಿನ ಮೇಲೆ ಇಟ್ಟು ನೋಡಿದೆವು, ಕೆರೆ ಏರಿಯ ಮೇಲೂ ಇಟ್ಟೆವು. ತಾರಸಿಯ ಮೇಲಿಟ್ಟ ಆ ಮೊದಲ ಸಲದ ಮೇಲೆ ನನ್ನ ಗಂಡನ ಎಡೆಯನ್ನು ಕಾಗೆ ಮತ್ತೆ ಮುಟ್ಟಿಲ್ಲ.