ಗರಗಸದ ಟೋಪಿ

ನಮ್ಮ ಅಟ್ಟದ ಮೇಲೆ ತಗಡಿನ ಟೋಪಿಯೊಂದಿದೆ. ಹಬ್ಬಕ್ಕೆ ಮನೆ ಸಾರಿಸುವಾಗೆಲ್ಲ ಯಾರಾದರೂ ಅದನ್ನು ಗುಜರಿಗೆ ಹಾಕಲು ಹೊರಡುತ್ತಾರೆ, ನನ್ನಿಂದ ಬೈಸಿಕೊಂಡು ಮತ್ತೆ ಅಲ್ಲೇ ಇಡುತ್ತಾರೆ. ಅದು ತಲೆಗೆ ಹಾಕುವ ಟೋಪಿಯಲ್ಲ. ಕೊಳ್ಳೇಗಾಲದಲ್ಲಿ ಹನೂರು ರಸ್ತೆಯ ನಮ್ಮ ಶೆಡ್ಡಿನಲ್ಲಿ ಮರ ಕುಯ್ಯುವ ಮೇಜಿನ ಗರಗಸವಿತ್ತಲ್ಲ, ಅದರ ಬ್ಲೇಡನ್ನು ಮುಚ್ಚುತ್ತಿದ್ದ ಟೋಪಿ.

ಬ್ಲೇಡಿನ ಹಿಂದೆ ನೆಟ್ಟಗೆ ನಿಂತ ಉಕ್ಕಿನ ಪಟ್ಟಿಯೂ ಒಂದಿತ್ತು. ಮೆಶಿನ್ ಮಾರಿದವರು ಅದನ್ನು ಸ್ಪ್ಲಿಟರ್ ಅಂದರು, ನಮ್ಮ ಬಾಯಲ್ಲಿ ಅದು ಬಾಲವಾಯಿತು. ಟೋಪಿ ಇದ್ದರೆ ಕೈ ಹಲ್ಲಿಗೆ ಸಿಗುವುದಿಲ್ಲ. ಬಾಲ ಇದ್ದರೆ ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚುವುದಿಲ್ಲ. ಕಚ್ಚಿತೋ, ತಳ್ಳುತ್ತಿದ್ದವನ ಮೇಲೇ ಬ್ಲೇಡು ಹಲಗೆಯನ್ನು ಎಸೆಯುತ್ತದೆ.

ನನ್ನ ಗಂಡ ಗರಗಸದ ಮುಂದೆ ನಿಂತು ಮರ ತಳ್ಳುತ್ತಿದ್ದರು, ನಾನು ಗರಗಸದ ಹಿಂದೆ ನಿಂತು ಹಲಗೆ ಹಿಡಿಯುತ್ತಿದ್ದೆ. ಹಲಸು ಕುಯ್ದ ದಿನ ಅದರ ಹಳದಿ ಹೊಟ್ಟು ಮೆತ್ತಿಕೊಂಡು ಅವರು ಅರಿಸಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಕಾಣುತ್ತಿದ್ದರು. ಮರದ ಹೊಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಲೆಗೆ ತುಂಬುತ್ತಿದ್ದೆ. ಆ ಹೊಗೆಯ ವಾಸನೆ ಈಗೆಲ್ಲಾದರೂ ಮೂಗಿಗೆ ಬಡಿದರೆ ಕಾಲು ಅಲ್ಲೇ ನಿಲ್ಲುತ್ತದೆ.

ನಮ್ಮಿಬ್ಬರಿಗೂ ಜಗಳವೆಂದರೆ ಆ ಟೋಪಿಯದೇ.

"ಟೋಪಿ ಇದ್ರೆ ಕುಯ್ಯೋ ಗೀಟು ಕಾಣಾಕಿಲ್ಲ ಕಣಮ್ಮಿ" ಅನ್ನುವರು.

"ಬಗ್ಗಿ ನೋಡಿ. ಟೋಪಿ ತಗುದ್ರೆ ನಾನು ಹಲ್ಗೆ ಹಿಡಿಯಾಕಿಲ್ಲ" ಎಂದು ನಾನು ಹೊಟ್ಟಿನ ಗುಡ್ಡೆಯ ಮೇಲೆ ಕೂತುಬಿಡುವೆ. ನನ್ನ ಹಟ ಗೊತ್ತಿದ್ದುದರಿಂದ ಗೊಣಗುತ್ತಾ ಟೋಪಿ ಹಾಕುತ್ತಿದ್ದರು.

ಹಟಕ್ಕೆ ಕಾರಣವಿತ್ತು. ಅವರ ಅಣ್ಣ, ಅಂದರೆ ನಮ್ಮ ಭಾವ, ಟೋಪಿ ತೆಗೆದು ಕುಯ್ಯಲು ಹೋಗಿ ಅದೇ ಗರಗಸಕ್ಕೆ ಬಲಗೈಯ ಬೆರಳು ಕೊಟ್ಟವರು. ಯಳಂದೂರಿನಲ್ಲಿ ತಮ್ಮ ಮಗಳಿಗೆ ಧಾರೆ ಎರೆಯುವಾಗ ಹಾಲಿನ ಗಿಂಡಿ ಅವರ ಕೈಯಿಂದ ಜಾರಿ ಬಿತ್ತು. ಬೀಗರ ಕಡೆಯವರು ಅಪಶಕುನವೆಂದು ಪಿಸುಗುಟ್ಟಿದರು. ಅವತ್ತಿನಿಂದ ಭಾವ ಆ ಕೈಯನ್ನು ಶಲ್ಯದೊಳಗಿಂದ ಹೊರತೆಗೆದದ್ದನ್ನು ನಾನು ಕಾಣೆ. ನನಗೂ ಒಬ್ಬಳು ಮಗಳಿದ್ದಳು. ಇವರ ಕೈಯಿಂದ ಗಿಂಡಿ ಜಾರಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ಆದರೂ ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಟೋಪಿ, ಬಾಲ ಎರಡನ್ನೂ ಬಿಚ್ಚುತ್ತಿದ್ದೆವು. ಬ್ಲೇಡಿಗೂ ಮೇಜಿಗೂ ಕುಂಕುಮ ಕಲಸಿ ಬಳಿಯಬೇಕಲ್ಲ! ಬಿಚ್ಚಿದ್ದನ್ನು ತೊಳೆದು ಉಳಿ, ಸುತ್ತಿಗೆಗಳ ಜೊತೆ ದೇವರ ಮುಂದೆ ಇಡುತ್ತಿದ್ದೆವು. ಹಾಗೆ ಅಲ್ಲಿ ಇಟ್ಟಿದ್ದನ್ನು ಕದಲಿಸುವ ಶಾಸ್ತ್ರ ಆಗುವ ತನಕ ಮುಟ್ಟುವ ಹಾಗಿಲ್ಲ.

ಒಂದು ವಿಜಯದಶಮಿಯ ಬೆಳಿಗ್ಗೆ ಶಾಗ್ಯದ ರೈತರೊಬ್ಬರು ಗಾಡಿಯಲ್ಲಿ ಬೇವಿನ ಮರ ತಂದರು. ಇನ್ನೂ ಹಸಿ.

"ಒಳ್ಳೆ ದಿಸ ಕಣಣ್ಣ, ವಾಸ್ಕಲ್ಗೆ ಒಂದೇ ಒಂದು ತುಂಡು ಕುಯ್ದ್ಕೊಡು" ಎಂದರು.

ಒಳ್ಳೆಯ ದಿನ ಬಂದವರನ್ನು ವಾಪಸು ಕಳಿಸುವುದುಂಟೇ? ಇವರು ಮೋಟಾರು ಹಾಕಿಯೇಬಿಟ್ಟರು. ನಾನು ದೇವರ ಮುಂದಿದ್ದ ಟೋಪಿಯನ್ನು ನೋಡಿದೆ. ಕದಲಿಸಿರಲಿಲ್ಲ. ಬಾಯಿಬಡುಕಿಯಾದ ನಾನೇ ಅವತ್ತು ಸುಮ್ಮನೆ ಹಿಂದೆ ಹೋಗಿ ನಿಂತೆ.

ಅರ್ಧ ಸೀಳಿತ್ತೋ ಇಲ್ಲವೋ, ಹಸಿ ಮರ ಕೂಡಿಕೊಂಡು ಬ್ಲೇಡನ್ನು ಕಚ್ಚಿತು. ಹಲಗೆ ಚಂಗನೆ ಇವರ ಕಡೆಗೇ ಹಾರಿ, ಪಕ್ಕೆ ಸವರಿಕೊಂಡು ಹೋಗಿ ತಗಡಿನ ಗೋಡೆಗೆ ಬಡಿಯಿತು. ತಳ್ಳುತ್ತಿದ್ದ ಕೈಗೆ ಆಸರೆ ತಪ್ಪಿ ಅಂಗೈ ಬ್ಲೇಡಿನ ಕಡೆಗೆ ಜಾರಿತು. ಮೋಟಾರು ಆರಿಸಿ ಓಡಿಬಂದು ನೋಡುತ್ತೇನೆ, ಅಂಗೈಯೆಲ್ಲ ಕೆಂಪು. ನಾನು ಚೀರಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು.

"ಲೇ ಅಮ್ಮಿ, ಅರಚ್ಬ್ಯಾಡ. ಕುಂಕ್ಮ ಕಣೆ" ಎಂದರು.

ಮೇಜಿಗೆ ಬಳಿದಿದ್ದ ಕುಂಕುಮ! ಬೆರಳೊಂದೊಂದನ್ನೂ ಸೆರಗಿನಿಂದ ಒರೆಸಿ ನೋಡಿದೆ. ಆಮೇಲೆ ಸೀದಾ ದೇವರ ಮುಂದೆ ಹೋಗಿ, "ತಪ್ಪು ತಿಳ್ಕಬ್ಯಾಡಪ್ಪ" ಎಂದು ಟೋಪಿಯನ್ನೂ ಬಾಲವನ್ನೂ ಎತ್ತಿಕೊಂಡು ಬಂದು ಇವರ ಕೈಗೆ ತುರುಕಿದೆ. ಅವತ್ತು ಇವರು ಗೊಣಗಲಿಲ್ಲ. ಮುಂದಿನ ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಪೂಜೆಗೂ ಬಿಚ್ಚಲಿಲ್ಲ, ಕುಂಕುಮವೆಲ್ಲ ಟೋಪಿಗೇ. ಗೀರಿದ ತಗಡಿನ ಸಂದಿನಲ್ಲಿ ಅದು ಈಗಲೂ ಕೆಂಪಗೆ ಕೂತಿದೆ.

ಮಗಳ ಮದುವೆಯಾದದ್ದು ಶೆಡ್ಡು ಮುಚ್ಚುವ ಮುಂಚಿನ ವರ್ಷ. ಧಾರೆಯ ಹೊತ್ತಿಗೆ ಭಾವ ಶಲ್ಯ ಹೊದ್ದು ಮುಂದಿನ ಸಾಲಿನಲ್ಲೇ ಕೂತಿದ್ದರು. ಇವರು ಗಿಂಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಪುರೋಹಿತರೇ "ಸ್ವಲ್ಪ ಬಗ್ಗಿಸಿ ಯಜಮಾನ್ರೇ" ಅನ್ನಬೇಕಾಯಿತು. ಹಾಲು ತೆಳ್ಳಗೆ, ಎಲ್ಲೂ ಕಡಿಯದೆ ಇಳಿಯಿತು. ಗಿಂಡಿ ಕೆಳಗಿಟ್ಟವರು, ಅಷ್ಟು ಜನರ ನಡುವೆ, ಎರಡೂ ಅಂಗೈ ಅರಳಿಸಿ ನನ್ನ ಮುಂದೆ ಹಿಡಿದರು.

"ನೋಡ್ಕಳಮ್ಮಿ, ಎಲ್ಲಾ ಅವೆ."

ನಾನು ಅತ್ತುಬಿಟ್ಟೆ. ಮಗಳು ಹೊರಟುಹೋಗುತ್ತಾಳೆಂದು ಅಳುತ್ತಿದ್ದೇನೆ ಅಂದುಕೊಂಡು ಎಲ್ಲರೂ ನನಗೆ ಸಮಾಧಾನ ಹೇಳಿದರು.